ಬೋರ್ ನೀರು ತುಂಬಾ ಗಡಸು: ಇಡೀ ಮನೆಗೆ ಸಾಫ್ಟನರ್ ಬೇಕಾ, ಬೇಕಾದ ಕಡೆ ಮಾತ್ರ ಸಾಕಾ?

ಹೊಸಮನೆ_ಹೆಸರಘಟ್ಟ
ಎಲ್ಲರಿಗೂ ನಮಸ್ಕಾರ. ಹೆಸರಘಟ್ಟ ರಸ್ತೆ ಕಡೆ ಎರಡಂತಸ್ತಿನ ಮನೆ, ನಾಲ್ಕು ಜನ. ಕಾವೇರಿ ಸಂಪರ್ಕ ಇನ್ನೂ ಬಂದಿಲ್ಲ. ವರ್ಷವಿಡೀ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಮೊತ್ತ) ಮೀಟರ್ 820 ತೋರಿಸುತ್ತೆ. ನಲ್ಲಿ, ಶವರ್ ಎಲ್ಲಾ ಬಿಳಿ ಕಟ್ಟಿದೆ, ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ. ಸೋಲಾರ್ 200 ಲೀಟರ್, ಕೆಳಗಿನ ಬಾತ್‌ರೂಮಿಗೆ 15 ಲೀಟರ್ ಗೀಸರ್, ಒಂದು ವಾಷಿಂಗ್ ಮೆಷಿನ್ ಇವೆ. ಇಡೀ ಮನೆಗೆ ಒಂದೇ ಸಾಫ್ಟನರ್ (ಗಡಸುತನ ತೆಗೆದು ನೀರು ಮೆದು ಮಾಡುವ ಯಂತ್ರ) ಹಾಕಿ ಅಂತ ಡೀಲರ್ ಹೇಳ್ತಿದ್ದಾರೆ. ಅಷ್ಟು ದೊಡ್ಡದು ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ನೀರಿನ_ಲೆಕ್ಕ
ಮೊದಲು ಗಡಸುತನ ಅಳೆಯಿರಿ ಸರ್. ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು ನೋಡಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ, ಅಷ್ಟೇ. 820ರಲ್ಲಿ ಅಡುಗೆ ಉಪ್ಪಿನಂಥ ಸೋಡಿಯಂ ಎಷ್ಟು, ಕ್ಯಾಲ್ಸಿಯಂ–ಮೆಗ್ನೀಸಿಯಂ ಎಷ್ಟು ಅಂತ ಅದಕ್ಕೆ ತಿಳಿಯುವುದಿಲ್ಲ. ಗೀಸರ್ ಹಾಳು ಮಾಡೋದು, ಸೋಪಿನ ನೊರೆ ಕೊಲ್ಲೋದು ಎರಡನೆಯದು.

ಅಕ್ವೇರಿಯಂ ಅಂಗಡಿಯಲ್ಲೋ ಆನ್‌ಲೈನಲ್ಲೋ ಹನಿ ಹಾಕಿ ಅಳೆಯುವ ಹಾರ್ಡ್‌ನೆಸ್ ಕಿಟ್ ಸಿಗುತ್ತದೆ. ಹೆಚ್ಚಿನವು ಕೆಲಸ ಮಾಡುವುದು ಹೀಗೆ: ಗೆರೆಯವರೆಗೆ ನೀರು ತುಂಬಿ, ಬಫರ್ ಮತ್ತು ಸೂಚಕ ಹಾಕಿ. ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಆಮೇಲೆ ಮೂರನೇ ಬಾಟಲಿಯಿಂದ ಒಂದೊಂದೇ ಹನಿ ಹಾಕುತ್ತಾ ಅಲ್ಲಾಡಿಸಿ. ಕೆಂಪಿನ ಛಾಯೆ ಪೂರ್ತಿ ಹೋಗಿ ನೀಲಿ ಬಂದ ಹನಿಗೆ ನಿಲ್ಲಿಸಿ. ಒಂದು ಹನಿಗೆ ಎಷ್ಟು ಎಂದು ಡಬ್ಬದ ಮೇಲೆ ಬರೆದಿರುತ್ತದೆ, ಗುಣಿಸಿಕೊಳ್ಳಿ. ನೇರಳೆ ಬಣ್ಣದಲ್ಲೇ ನಿಲ್ಲಿಸಿದರೆ ಲೆಕ್ಕ ಕಡಿಮೆ ಬರುತ್ತದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ, ಇದನ್ನು ಯಾವ ಡೀಲರೂ ಮಾಡಿಸುವುದಿಲ್ಲ. ಒಂದು ಲೀಟರ್ ನೀರನ್ನು ಮುಚ್ಚಳ ಮುಚ್ಚಿ ಅರ್ಧ ಗಂಟೆ ಕುದಿಸಿ. ತಣ್ಣಗಾದ ಮೇಲೆ, ಆವಿಯಾದಷ್ಟಕ್ಕೆ ಲವಣ ಸೋಸುವ ಯಂತ್ರದ, ಅಂದರೆ ಆರ್‌ಒ ನೀರು ಸೇರಿಸಿ ಮೊದಲಿನ ಮಟ್ಟಕ್ಕೆ ತನ್ನಿ. ಹುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ತೆಗೆದು ಮತ್ತೆ ಅಳೆಯಿರಿ. ಎಷ್ಟು ಇಳಿಯಿತೋ ಅಷ್ಟು ತಾತ್ಕಾಲಿಕ ಗಡಸುತನ. ಕಾದಾಗ ಕಲ್ಲಾಗಿ ಕೂರುವುದು ಮುಖ್ಯವಾಗಿ ಈ ಭಾಗ.

ಸುಮಾ_ಜೆಪಿನಗರ
ನನ್ನ ಅಭಿಪ್ರಾಯ ಬೇರೆ. ದುಡ್ಡಿದ್ದರೆ ಇಡೀ ಮನೆಗೇ ಹಾಕಿಸಿಬಿಡಿ. ನಲ್ಲಿ, ಡೈವರ್ಟರ್, ಫ್ಲಶ್ ಟ್ಯಾಂಕಿನ ವಾಲ್ವ್ ಎಲ್ಲವೂ ಉಳಿಯುತ್ತವೆ. ಬಾತ್‌ರೂಮ್ ಗಾಜು ಉಜ್ಜುವ ಕೆಲಸ ಅರ್ಧ ಕಡಿಮೆ. ಬೇರೆ ಬೇರೆ ಲೈನ್ ಮಾಡಿಸ್ತೀನಿ ಅಂತ ಕಟ್ಟಿದ ಮನೆಯ ಗೋಡೆ ಒಡೆಸೋದು ಯಾರಿಗೆ ಬೇಕು?

ಹೊಸಮನೆ_ಹೆಸರಘಟ್ಟ
ಕಿಟ್ ತಂದು ಅಳೆದೆ. ನಲ್ಲಿ ನೀರಿನ ಗಡಸುತನ ಲೀಟರಿಗೆ 550 ಮಿ.ಗ್ರಾಂ. ಕುದಿಸಿದ ಮೇಲೆ 190 ಬಂತು.

ನೀರಿನ_ಲೆಕ್ಕ
ಹಾಗಾದರೆ 360ರಷ್ಟು ಕಾದಾಗ ಕೂರುವ ಜಾತಿ. ಗೀಸರ್, ಸೋಲಾರ್ ಕಡೆ ನೀವು ಗಮನ ಕೊಡಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕ (ಐಎಸ್ 10500) ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿ.ಗ್ರಾಂ ಅಪೇಕ್ಷಿತ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಅನುಮತಿ ಎನ್ನುತ್ತದೆ. ಅಂದರೆ ಗಡಸುತನ ಒಂದನ್ನೇ ನೋಡಿದರೆ ನಿಮ್ಮ ನೀರು ಆರೋಗ್ಯಕ್ಕೆ ಹೆದರುವಂಥದ್ದಲ್ಲ. ತೊಂದರೆ ಯಂತ್ರಕ್ಕೆ, ಬಟ್ಟೆಗೆ, ಬೇಳೆಗೆ.

ಈಗ ಸಾಫ್ಟನರ್ ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರಿಗೆ 540 ಲೀಟರ್. 540 × 550 ಅಂದರೆ ದಿನಕ್ಕೆ ಹತ್ತಿರ ಹತ್ತಿರ 300 ಗ್ರಾಂ ಗಡಸುತನ ತೆಗೆಯಬೇಕು. ಸಾಫ್ಟನರ್ ಒಳಗೆ ಗಡಸುತನ ಹಿಡಿಯುವ ಸಣ್ಣ ಮಣಿಗಳೇ ರೆಸಿನ್. ಒಳ್ಳೆಯ ರೆಸಿನ್ ಲೀಟರಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ 1,250 ಗ್ರಾಂ. ಕೊನೆಯ ಹನಿವರೆಗೆ ಹಿಂಡಬಾರದು, 1,000 ಗ್ರಾಂಗೆ ರೀಜನರೇಷನ್ (ಉಪ್ಪುನೀರಿನಿಂದ ರೆಸಿನ್ ತೊಳೆದು ಮತ್ತೆ ಸಜ್ಜು ಮಾಡುವುದು) ಇಡಿ. ಅಂದರೆ ಮೂರು ದಿನಕ್ಕೊಮ್ಮೆ. ಪ್ರತಿ ಸಲ ಲೀಟರ್ ರೆಸಿನ್‌ಗೆ 150 ಗ್ರಾಂ ಲೆಕ್ಕದಲ್ಲಿ ಮೂರೂ ಮುಕ್ಕಾಲು ಕಿಲೋ ಉಪ್ಪು, ತಿಂಗಳಿಗೆ 37 ಕಿಲೋ ಮೇಲೆ. ಜೊತೆಗೆ ಪ್ರತಿ ಸಲ ಸುಮಾರು 200 ಲೀಟರ್ ನೀರು ಮೋರಿಗೆ.

ಸ್ನಾನ, ಬಿಸಿನೀರು, ಬಟ್ಟೆ ಇಷ್ಟಕ್ಕೆ ಮಾತ್ರ ಕೊಟ್ಟರೆ ದಿನಕ್ಕೆ 300 ಲೀಟರ್ ಸಾಕು. ಆಗ 165 ಗ್ರಾಂ, ಆರು ದಿನಕ್ಕೊಮ್ಮೆ ರೀಜನರೇಷನ್, ತಿಂಗಳಿಗೆ 19 ಕಿಲೋ ಉಪ್ಪು. ಯಂತ್ರ ಅದೇ ಇದ್ದರೂ ಖರ್ಚು ಅರ್ಧ. ಟಾಯ್ಲೆಟ್ ಫ್ಲಶ್‌ಗೆ, ತೆಂಗಿನ ಮರಕ್ಕೆ, ಕಾರು ತೊಳೆಯೋಕೆ ಉಪ್ಪು ಸುರಿದು ಮೆದು ಮಾಡಿದ ನೀರು ಯಾಕೆ? ಬೋರ್ ಬತ್ತುತ್ತಿರುವ ಊರಿನಲ್ಲಿ 200 ಲೀಟರ್ ಮೋರಿಗೆ ಬಿಡುವುದನ್ನು ಮೂರು ದಿನಕ್ಕೊಮ್ಮೆ ಬದಲು ಆರು ದಿನಕ್ಕೊಮ್ಮೆ ಮಾಡಿದರೂ ದೊಡ್ಡ ಉಳಿತಾಯ.

ಪೈಪು_ಪಾನಾ
ಸುಮಾ ಮೇಡಂ, ಗೋಡೆ ಒಡೆಸೋ ಅಗತ್ಯ ಹೆಚ್ಚಿನ ಮನೆಗಳಲ್ಲಿ ಬರಲ್ಲ. ತಾರಸಿ ಮೇಲೆ ಟ್ಯಾಂಕಿನಿಂದ ಹೊರಡುವ ಲೈನುಗಳು ಅಲ್ಲೇ ಕವಲೊಡೆದಿರುತ್ತವೆ: ಸೋಲಾರ್‌ಗೆ ಒಂದು, ಅಡುಗೆಮನೆಗೆ ಒಂದು, ಬಾತ್‌ರೂಮ್ ತಣ್ಣೀರಿಗೆ ಒಂದು, ಫ್ಲಶ್‌ಗೆ ಒಂದು. ಕೆಲಸ ಎಲ್ಲಾ ತಾರಸಿ ಮೇಲೇ ಆಗುತ್ತೆ.

ಮುಖ್ಯ ತೊಡಕು ಒತ್ತಡದ್ದು. ಸಾಫ್ಟನರ್ ಸರಿಯಾಗಿ ಬ್ಯಾಕ್‌ವಾಶ್ (ನೀರು ಕೆಳಗಿನಿಂದ ಮೇಲಕ್ಕೆ ಹರಿದು ರೆಸಿನ್ ತೊಳೆಯೋದು) ಆಗೋಕೆ ಕನಿಷ್ಠ ಒಂದೂವರೆ ಬಾರ್ ಬೇಕು. ಟ್ಯಾಂಕು ಹತ್ತು ಅಡಿ ಎತ್ತರದಲ್ಲಿದ್ದರೆ ಸಿಗೋದು 0.3 ಬಾರ್. ಟ್ಯಾಂಕಿನ ಕೆಳಗೆ ಸುಮ್ಮನೆ ಕೂರಿಸಿದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತೆ, ಉಪ್ಪುನೀರು ಎಳೆಯೋದೇ ಇಲ್ಲ, ನಾಲ್ಕು ತಿಂಗಳಿಗೆ "ಮೆಷಿನ್ ಸರಿ ಇಲ್ಲ" ಅಂತಾರೆ. ದಾರಿ ಎರಡು. ಒಂದು, ಸಂಪಿನಿಂದ ಮೇಲೆ ಹೋಗುವ ಮೋಟಾರ್ ಲೈನಿನಲ್ಲಿ ಕೂರಿಸೋದು. ಎರಡು, ಟ್ಯಾಂಕ್ ಆದಮೇಲೆ ಪ್ರೆಷರ್ ಪಂಪ್ ಹಾಕಿ ಅದರ ಮುಂದೆ ಕೂರಿಸೋದು.

ನನ್ನ ಮಾತು ಕೇಳೋದಾದರೆ ಮೇಲೆ ಎರಡು ಟ್ಯಾಂಕ್ ಇಡಿ. 1,000 ಲೀಟರಿನ ಹಳೆಯ ಟ್ಯಾಂಕ್ ಕಚ್ಚಾ ನೀರಿಗೆ, 500 ಲೀಟರಿನ ಹೊಸ ಟ್ಯಾಂಕ್ ಮೆದು ನೀರಿಗೆ. ಮೋಟಾರ್ ಲೈನನ್ನು ಕೆಳಗೇ ಎರಡಾಗಿ ಸೀಳಿ, ಒಂದು ನೇರ, ಒಂದು ಸಾಫ್ಟನರ್ ಮೂಲಕ. ಎರಡಕ್ಕೂ ಬಾಲ್ ವಾಲ್ವ್. ಸಾಫ್ಟನರ್ ಮುಂದೆ 20 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಇರಲೇಬೇಕು, ಇಲ್ಲಾಂದರೆ ಬೋರಿನ ಮಣ್ಣು ರೆಸಿನ್ ಮೇಲೆ ಕೂತು ದಾರಿ ಮುಚ್ಚುತ್ತೆ. ಬೈಪಾಸ್ ವಾಲ್ವ್ ಸಹಿತ ಜೋಡಿಸಿ. ಮೆಷಿನ್ ರಿಪೇರಿಗೆ ಹೋದಾಗ ಮನೆಗೆ ನೀರು ನಿಲ್ಲಬಾರದು.

ಇದೇ ಬೈಪಾಸನ್ನು ಸ್ವಲ್ಪ ತೆರೆದಿಟ್ಟರೆ ಮಿಶ್ರಣ ಮಾಡಬಹುದು. ಗಡಸುತನ ಪೂರ್ತಿ ಸೊನ್ನೆಗೆ ಇಳಿಸಿದರೆ ಮೈಮೇಲೆ ಸೋಪು ಎಷ್ಟು ತೊಳೆದರೂ ಜಾರುತ್ತಲೇ ಇರುತ್ತೆ. 100ರಿಂದ 150ರ ನಡುವೆ ಇಡಿ, ಹಿತವಾಗಿರುತ್ತೆ, ಉಪ್ಪೂ ಉಳಿಯುತ್ತೆ.

ಯಲಹಂಕ_ಯೋಗಿ
ಪೈಪಿನ ಮೇಲೆ ತಂತಿ ಸುತ್ತುವ ಎಲೆಕ್ಟ್ರಾನಿಕ್ ಕಂಡಿಷನರ್, ಮ್ಯಾಗ್ನೆಟ್ ಪಟ್ಟಿ ಇವೆಲ್ಲ ಹೇಗೆ? ಉಪ್ಪೂ ಬೇಡ, ನೀರೂ ಪೋಲಾಗಲ್ಲ ಅಂತ ಜಾಹೀರಾತು ಬರುತ್ತಲ್ಲ.

ನೀರಿನ_ಲೆಕ್ಕ
ಬೇಡ. ಅದರ ಮೊದಲೂ ಆಮೇಲೂ ಅದೇ ಹನಿ ಕಿಟ್‌ನಲ್ಲಿ ಅಳೆದರೆ ಅದೇ ಸಂಖ್ಯೆ ಬರುತ್ತದೆ. ಅವರೂ "ಗಡಸುತನ ತೆಗೆಯುವುದಿಲ್ಲ, ಗುಣ ಬದಲಿಸುತ್ತದೆ" ಎನ್ನುತ್ತಾರೆ. ಕ್ಯಾಲ್ಸಿಯಂ ನೀರಿನಲ್ಲೇ ಇರುವವರೆಗೆ ಸೋಪಿಗೆ, ಬೇಳೆಗೆ ಅದರಿಂದ ಏನೂ ಉಪಯೋಗವಿಲ್ಲ. ಗೀಸರ್ ಒಂದಕ್ಕೇ ಅಗ್ಗದ ದಾರಿ ಬೇಕಿದ್ದರೆ ಪಾಲಿಫಾಸ್ಫೇಟ್ ಹರಳಿನ ಸಣ್ಣ ಫಿಲ್ಟರ್ ಸಿಗುತ್ತದೆ, ಗೀಸರ್ ಅಥವಾ ವಾಷಿಂಗ್ ಮೆಷಿನ್ನಿನ ಒಳಹರಿವಿಗೆ ಜೋಡಿಸಬಹುದು. ಅದೂ ಗಡಸುತನ ತೆಗೆಯುವುದಿಲ್ಲ, ಕ್ಯಾಲ್ಸಿಯಂ ಅಂಟಿಕೊಳ್ಳದ ಹಾಗೆ ತಡೆಯುತ್ತದೆ. ತುಂಬಾ ಬಿಸಿಯಾದರೆ ಅದರ ಶಕ್ತಿ ಹೋಗುತ್ತದೆ, ಹಾಗಾಗಿ ತಾಪಮಾನ 60 ಡಿಗ್ರಿ ದಾಟಬಾರದು. ಹರಳು ಕರಗಿ ಮುಗಿದ ಮೇಲೆ ತುಂಬಿಸುವುದನ್ನು ಮರೆತರೆ ಇದ್ದೂ ಇಲ್ಲದ ಹಾಗೆ. ಕುಡಿಯುವ, ಅಡುಗೆಯ ಲೈನಿಗೆ ಹಾಕಬೇಡಿ.

ಎಲೆಕ್ಟ್ರಿಕಲ್_ರಾಜಾಜಿನಗರ
ಗೀಸರ್ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಗಡಸು ನೀರಿನಲ್ಲಿ ಮೊದಲು ಹೋಗೋದು ಅದೇ.

ತಾಪಮಾನ 50–55ಕ್ಕೆ ಇಡಿ. ಗುಂಡಿ ಪೂರ್ತಿ ತಿರುಗಿಸಿ 70–75ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬಿಸಿ ಏರಿದಷ್ಟೂ ಸುಣ್ಣ ಬೇಗ ಕೂರುತ್ತೆ. ತಿಂಗಳಿಗೊಮ್ಮೆ 60ಕ್ಕೆ ಏರಿಸಿ ಒಂದು ಗಂಟೆ ಬಿಟ್ಟರೆ ಒಳಗಿನ ನೀರಿಗೂ ಒಳ್ಳೆಯದು. ಕಾಯುವಾಗ ಒಳಗಿಂದ ಚಟಪಟ, ಗುಳುಗುಳು ಸದ್ದು ಬರ್ತಿದ್ದರೆ ಎಲಿಮೆಂಟ್ ಮೇಲೆ ಪೊರೆ ದಪ್ಪವಾಗಿದೆ ಅಂತ ಅರ್ಥ. ಪೊರೆ ಬಿಸಿಯನ್ನು ನೀರಿಗೆ ದಾಟಿಸಲ್ಲ, ಎಲಿಮೆಂಟ್ ಒಳಗೇ ಕಾದು ಕೊಳವೆ ಸೀಳುತ್ತೆ. ಸೀಳಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ. ಅಂಥ ಗೀಸರನ್ನು ಒಂದು ಸಲವೂ ಬಳಸಬೇಡಿ, ಪ್ರಾಣಕ್ಕೇ ಅಪಾಯ.

ವರ್ಷಕ್ಕೊಮ್ಮೆ ಮಾಡಬೇಕಾದ್ದು: ಎಂಸಿಬಿ ಕೆಳಗಿಳಿಸಿ, ಟೆಸ್ಟರ್ ಹಿಡಿದು ಖಚಿತಪಡಿಸಿಕೊಳ್ಳಿ. ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಕೆಳಗಿನ ಸಂಪರ್ಕ ಬಿಚ್ಚಿ ನೀರು ಖಾಲಿ ಮಾಡಿ. ವೈರು ಎಲ್ಲೆಲ್ಲಿತ್ತು ಅಂತ ಫೋಟೋ ತೆಗೆದು, ಫ್ಲ್ಯಾಂಜ್ ಬೋಲ್ಟ್ ಎದುರೆದುರು ಬಿಚ್ಚಿ ಎಲಿಮೆಂಟ್ ಇಳಿಸಿ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು. ವೈರಿನ ತುದಿ ನೆನೆಯದ ಹಾಗೆ ಎಲಿಮೆಂಟನ್ನು ಅದರಲ್ಲಿ ಇಳಿಬಿಡಿ. ಗುಳ್ಳೆ ಏಳೋದು ನಿಂತ ಮೇಲೂ ಪೊರೆ ಉಳಿದಿದ್ದರೆ ನೀರು ಬದಲಿಸಿ ಮತ್ತೆ ಹಾಕಿ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಟ್ಯಾಂಕಿನ ಒಳಗಿನ ಹಕ್ಕಳೆಯನ್ನು ಕೈಯಿಂದ ಬಾಚಿ ತೆಗೆಯಿರಿ. ಗಾಜಿನ ಲೇಪ ಇರುವ ಟ್ಯಾಂಕಾದರೆ ಬಡಿಯಬೇಡಿ, ಲೇಪ ಬಿರುಕುಬಿಟ್ಟ ಕಡೆಯೇ ತೂತು ಬೀಳೋದು.

ಮೆಗ್ನೀಸಿಯಂ ಆನೋಡ್ ರಾಡ್ ನೋಡಿ. ಪೆನ್ಸಿಲಿಗಿಂತ ತೆಳ್ಳಗಾಗಿ ನಡುವಿನ ಉಕ್ಕಿನ ಕಂಬಿ ಕಾಣ್ತಿದ್ದರೆ ಬದಲಿಸಿ. ಟ್ಯಾಂಕಿನ ಬದಲು ತಾನು ಸವೆಯೋಕೇ ಅದನ್ನು ಇಟ್ಟಿರೋದು. ಸಾಫ್ಟನರ್ ನೀರಿನಲ್ಲಿ ಇದು ಇನ್ನೂ ಬೇಗ ಸವೆಯುತ್ತೆ, ಸುಣ್ಣ ಕೂರಲ್ಲ ಅಂತ ಮರೆತುಬಿಡಬೇಡಿ. ಗ್ಯಾಸ್ಕೆಟ್ ಹೊಸದೇ ಹಾಕಿ, ಹಳೆಯದು ಒಮ್ಮೆ ಒತ್ತಿಸಿಕೊಂಡ ಮೇಲೆ ಸೋರುತ್ತೆ. ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮ ಬಂದಮೇಲಷ್ಟೇ ಕರೆಂಟ್ ಕೊಡಿ. ಖಾಲಿ ಟ್ಯಾಂಕಿಗೆ ಕೊಟ್ಟರೆ ಹೊಸ ಎಲಿಮೆಂಟೂ ಕ್ಷಣದಲ್ಲಿ ಸುಟ್ಟುಹೋಗುತ್ತೆ.

ಸುರಕ್ಷತಾ ವಾಲ್ವಿನಿಂದ ಕಾಯುವಾಗ ಹನಿ ಬೀಳೋದು ಸಹಜ. ಹನಿ ಬೀಳುತ್ತೆ ಅಂತ ಅದಕ್ಕೆ ಬಿರಡೆ ಹಾಕಿಸಿದವರಿದ್ದಾರೆ. ದಯವಿಟ್ಟು ಬೇಡ, ಟ್ಯಾಂಕ್ ಸಿಡಿಯುತ್ತೆ.

ಸೋಲಾರ್_ಸರ್ವಿಸ್
ನಿಮ್ಮದು ಗಾಜಿನ ಟ್ಯೂಬಿನ ಸೋಲಾರಾ, ತಾಮ್ರದ ಹಾಳೆಯದ್ದಾ? ಗಡಸು ನೀರಿಗೆ ಗಾಜಿನ ಟ್ಯೂಬೇ ವಾಸಿ. ಹಾಳೆಯದ್ದರಲ್ಲಿ ತಾಮ್ರದ ಕೊಳವೆಗಳು ಸಣ್ಣ, ಒಳಗೆ ಸುಣ್ಣ ಕಟ್ಟಿದರೆ ಹರಿವೇ ನಿಲ್ಲುತ್ತದೆ. ಅಂಥದ್ದಕ್ಕೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಬೇಕಾಗುತ್ತದೆ.

ಗಾಜಿನ ಟ್ಯೂಬಾದರೆ ಹುಡಿ ಬುಡದಲ್ಲಿ ಸೇರುತ್ತದೆ. ವರ್ಷಕ್ಕೊಮ್ಮೆ ತೊಳೆಯಿರಿ, ಸೂರ್ಯ ಏರುವ ಮೊದಲೇ. ಹಿಂದಿನ ಸಂಜೆಯೇ ಬಿಸಿನೀರೆಲ್ಲ ಬಳಸಿ ಮುಗಿಸಿ, ಟ್ಯೂಬಿನ ಮೇಲೆ ದಪ್ಪ ಬಟ್ಟೆ ಮುಚ್ಚಿಡಿ. ಬೆಳಿಗ್ಗೆ ಟ್ಯಾಂಕ್ ಖಾಲಿ ಮಾಡಿ, ರಬ್ಬರ್ ಉಂಗುರದ ಸುತ್ತ ಸೋಪುನೀರು ಸವರಿ ಟ್ಯೂಬನ್ನು ತಿರುಗಿಸುತ್ತಾ ಬಿಡಿಸಿ. ನಿಂಬೆ ಉಪ್ಪಿನ ನೀರು ತುಂಬಿ ಅರ್ಧ ಗಂಟೆ ಬಿಟ್ಟು, ಉದ್ದ ಬ್ರಷ್‌ನಿಂದ ಬುಡ ಉಜ್ಜಿ. ಗಟ್ಟಿಯಾದ ಉಂಗುರಗಳನ್ನು ಬದಲಿಸಿ. ಬಿಸಿಲು ಬಿದ್ದು ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಠಪ್ ಅಂತ ಒಡೆಯುತ್ತದೆ. ಮಧ್ಯಾಹ್ನ ನೀರು ನಿಂತು ಮತ್ತೆ ಬಂದಾಗ ಟ್ಯೂಬ್ ಒಡೆಯುವುದು ಇದೇ ಕಾರಣಕ್ಕೆ.

ತಪ್ಪದೆ ನೋಡಬೇಕಾದ್ದು ಏರ್ ವೆಂಟ್ ಪೈಪ್. ಅದರ ಬಾಯಿ ಸುಣ್ಣದಿಂದಲೋ ಕಣಜದ ಗೂಡಿನಿಂದಲೋ ಮುಚ್ಚಿದರೆ, ನೀರು ಖಾಲಿಯಾಗುವಾಗ ಒಳಗೆ ನಿರ್ವಾತ ಆಗಿ ಒಳಟ್ಯಾಂಕ್ ಚಪ್ಪಟೆಯಾಗುತ್ತದೆ. ಆಮೇಲೆ ಅದನ್ನು ರಿಪೇರಿ ಮಾಡಲು ಆಗುವುದಿಲ್ಲ.

ಅಡುಗೆಮನೆ_ವಿಶಾಲಾಕ್ಷಿ
ಬೇಳೆ ಬೇಯದಿರುವುದಕ್ಕೆ ಬೇಳೆಯನ್ನು ದೂರುವುದು ಬೇಡ. ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ, ಆಗ ಎಷ್ಟು ಕೂಗು ಕೂಗಿಸಿದರೂ ನಡುವೆ ಕಾಳುಕಾಳಾಗಿಯೇ ಉಳಿಯುತ್ತದೆ. ಬೇಳೆ ನೆನೆಸಲು ಮತ್ತು ಬೇಯಿಸಲು ಎರಡಕ್ಕೂ ಆರ್‌ಒ ನೀರು ಅಥವಾ ಮಳೆನೀರು ಬಳಸಿ. ತೊಳೆಯಲು ಬೋರ್ ನೀರೇ ಸಾಕು. ಒಂದು ಲೋಟ ತೊಗರಿಬೇಳೆಗೆ ಎರಡೂವರೆ ಲೋಟ ನೀರು, ಅರ್ಧ ಗಂಟೆ ನೆನೆಸಿ, ಮೂರು ಕೂಗು. ಕಡಲೆಕಾಳು, ಅಲಸಂದೆ ಆದರೆ ರಾತ್ರಿಯೇ ಮೆದು ನೀರಿನಲ್ಲಿ ನೆನೆಹಾಕಿ.

ಹುಣಸೆಹುಳಿ, ಟೊಮೇಟೊ ಬೇಳೆ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಯುವುದು ಇನ್ನೂ ತಡ. ಅಡುಗೆ ಸೋಡಾ ಹಾಕಲೇಬೇಕು ಅಂತಿದ್ದರೆ ಒಂದು ಲೋಟಕ್ಕೆ ಒಂದು ಚಿಟಿಕೆ, ಅದಕ್ಕಿಂತ ಹೆಚ್ಚು ಬೇಡ. ಸಾರಿಗೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹೋಗುತ್ತದೆ.

ಕುಕ್ಕರ್ ಒಳಗೆ ಪಾತ್ರೆ ಇಟ್ಟು ಬೇಯಿಸುವವರು ತಳದ ನೀರಿಗೆ ಹಿಂಡಿದ ನಿಂಬೆ ಹೋಳನ್ನೋ ಸಾರಿಗೆ ಕಿವುಚಿದ ಹುಣಸೆ ಚರಟವನ್ನೋ ಹಾಕಿ. ಕುಕ್ಕರಿನ ಒಳಮೈ ಕಪ್ಪಾಗುವುದಿಲ್ಲ, ಬಿಳಿ ಪೊರೆಯೂ ಕಟ್ಟುವುದಿಲ್ಲ.

ಪಾವಗಡ_ಮೇಷ್ಟ್ರು
ಒಂದು ಎಚ್ಚರಿಕೆ. ಗಡಸುತನ ಅಳೆದದ್ದು ಸರಿ, ಫ್ಲೋರೈಡ್ ಅಳೆಸಿದ್ದೀರಾ? ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ದೊಡ್ಡ ಸಮಸ್ಯೆ. ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ಮೂಲ ಇಲ್ಲದಾಗ 1.5. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಂದ ಮೇಲೆ ತಿಳಿದರೆ ತಡವಾಯಿತು.

ಸಾಫ್ಟನರ್ ಫ್ಲೋರೈಡ್ ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದು ಇನ್ನೂ ಸಾಂದ್ರವಾಗುತ್ತದೆ. ಆರ್‌ಒ ತೆಗೆಯುತ್ತದೆ, ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ತೆಗೆಯುತ್ತದೆ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳಲ್ಲಿ ಮಾದರಿ ಕೊಟ್ಟರೆ ಪರೀಕ್ಷಿಸುತ್ತಾರೆ. ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಜಾಲಿಸಿ, ಮೋಟಾರ್ ಹತ್ತು ನಿಮಿಷ ಓಡಿದ ಮೇಲೆ ತುಂಬಿಸಿ. ಟ್ಯಾಂಕಿನ ನೀರು ಕೊಡಬೇಡಿ, ಬೋರಿನದ್ದೇ ಕೊಡಿ. ನೈಟ್ರೇಟೂ ನೋಡಲು ಹೇಳಿ. ಅದು 45 ದಾಟಿದ್ದರೆ ಎಳೆಯ ಮಗುವಿಗೆ ಆ ನೀರು ಬೇಡ.

ಕರಾವಳಿ_ಬಾವಿ
ಇಲ್ಲಿ ಓದಿದ್ದನ್ನು ಮಂಗಳೂರು, ಉಡುಪಿ ಕಡೆಯವರು ಹಾಗೇ ಮಾಡಲು ಹೋಗಬೇಡಿ ಮಾರಾಯ್ರೇ. ಮುರಕಲ್ಲಿನ ಬಾವಿ ನೀರು ಮೊದಲೇ ಮೆದು, ಸ್ವಲ್ಪ ಆಮ್ಲ ಗುಣದ್ದು. ಅಲ್ಲಿಯ ತೊಂದರೆ ಕಬ್ಬಿಣದ ಕೆಂಪು ಕಲೆ ಮತ್ತು ಲೋಹದ ಪೈಪ್ ಸವೆಯುವುದು. ಸಾಫ್ಟನರಿನಿಂದ ಏನೂ ಪ್ರಯೋಜನ ಇಲ್ಲ. ನೀರನ್ನು ಎತ್ತರದಿಂದ ತುಂತುರಾಗಿ ಬೀಳಿಸಿ ಗಾಳಿ ತಾಗಿಸಿ, ಕಬ್ಬಿಣ ಕೆಂಪು ಹುಡಿಯಾದ ಮೇಲೆ ಮರಳಿನ ಫಿಲ್ಟರಿನಲ್ಲಿ ಸೋಸಬೇಕು. ಕೆಂಪು ಕಲೆಯಾದ ಬಿಳಿ ಬಟ್ಟೆಗೆ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ.

ಪೈಪು_ಪಾನಾ
ಕಬ್ಬಿಣದ ಮಾತು ಬಂದಿದ್ದು ಒಳ್ಳೆಯದಾಯ್ತು. ಬಯಲುಸೀಮೆಯ ಬೋರ್‌ನಲ್ಲೂ ಕಬ್ಬಿಣ ಲೀಟರಿಗೆ 0.3 ಮಿ.ಗ್ರಾಂ ಮೀರಿದ್ದರೆ ಸಾಫ್ಟನರ್ ಮುಂದೆ ಕಬ್ಬಿಣದ ಫಿಲ್ಟರ್ ಬೇಕು. ಇಲ್ಲದಿದ್ದರೆ ರೆಸಿನ್ ಮೇಲೆ ತುಕ್ಕಿನ ಲೇಪ ಬಂದು ಉಪ್ಪು ಎಷ್ಟು ಹಾಕಿದರೂ ಕೆಲಸ ಮಾಡಲ್ಲ.

ಗದಗ_ಗೌಡ್ರು
ನಮ್ಮ ಕಡೆ ನೀರು ಗಡಸಷ್ಟೇ ಅಲ್ಲ ರೀ, ಸವಳೂ ಅದ. ಇಂಥಾ ನೀರಿಗೆ ಸಾಫ್ಟನರ್ ಹಾಕಿದ್ರ ಏನಾಗ್ತದ?

ನೀರಿನ_ಲೆಕ್ಕ
ಸವಳು ಹೋಗುವುದಿಲ್ಲ ಗೌಡ್ರೇ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. 100 ಮಿ.ಗ್ರಾಂ ಗಡಸುತನ ತೆಗೆದರೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ, ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಸರಘಟ್ಟದವರ 550ನ್ನು ಪೂರ್ತಿ ತೆಗೆದರೆ ಲೀಟರಿಗೆ 250 ಮಿ.ಗ್ರಾಂ ಸೋಡಿಯಂ ಹೆಚ್ಚಿದಂತೆ. ಬಿ.ಪಿ. ಇರುವವರು ಅದನ್ನು ಕುಡಿಯಬಾರದು, ಗಿಡಕ್ಕೂ ಹಾಕಬಾರದು, ಮಣ್ಣು ಗಟ್ಟಿಯಾಗುತ್ತದೆ. ಅಡುಗೆಮನೆಯ ತಣ್ಣೀರಿಗೂ ತೋಟದ ನಲ್ಲಿಗೂ ಮೆದು ನೀರು ಬೇಡ ಎನ್ನುವುದು ಇದೇ ಕಾರಣಕ್ಕೆ. ನಿಮ್ಮಲ್ಲಿ ಕುಡಿಯಲು ಆರ್‌ಒ, ಉಳಿದದ್ದಕ್ಕೆ ಮಳೆನೀರು ಬೆರೆಸುವುದು, ಇದೇ ದಾರಿ.

ಸುಮಾ_ಜೆಪಿನಗರ
ಸೋಡಿಯಂ ಲೆಕ್ಕ ಒಪ್ಪಿದೆ, ಅಡುಗೆಮನೆ ಬಿಡಿ. ಆದರೆ ಬಾತ್‌ರೂಮ್ ತಣ್ಣೀರಿಗೂ ಕೊಡಿ ಅನ್ನೋದು ನನ್ನ ಹಟ. ಬಿಸಿನೀರು ಮಾತ್ರ ಮೆದುವಾಗಿದ್ದು, ಬಕೆಟ್ಟಿಗೆ ಅರ್ಧ ಗಡಸು ತಣ್ಣೀರು ಬೆರೆಸಿದರೆ ಏನು ಬಂತು?

ಕೂದಲಿನ ಬಗ್ಗೆ: ಸಾಫ್ಟನರ್ ಹಾಕಿದರೆ ಕೂದಲು ಉದುರೋದು ನಿಲ್ಲುತ್ತೆ ಅನ್ನೋದನ್ನು ನಂಬಿ ದುಡ್ಡು ಹಾಕಬೇಡಿ. ಒರಟುತನ, ಅಂಟು ಕಡಿಮೆ ಆಗುತ್ತೆ, ಅಷ್ಟು ನಿಜ. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಅಂಟಿನ ಪೊರೆಯಾಗುತ್ತೆ. ಸೀಗೆಕಾಯಿ, ಅಂಟುವಾಳದಲ್ಲಿ ಹಾಗಾಗಲ್ಲ, ಅವು ಬೋರ್ ನೀರಿನಲ್ಲೂ ಚೆನ್ನಾಗಿ ಕೆಲಸ ಮಾಡ್ತವೆ. ಕೊನೆಯ ಎರಡು ಚೊಂಬು ಮಾತ್ರ ಮೆದು ನೀರು ಹಾಕಿಕೊಂಡರೂ ವ್ಯತ್ಯಾಸ ಕಾಣುತ್ತೆ.

ವಾಷಿಂಗ್ ಮೆಷಿನ್: ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್‌ಗೆ 100 ಗ್ರಾಂ ನಿಂಬೆ ಉಪ್ಪು, 60 ಡಿಗ್ರಿ ಪ್ರೋಗ್ರಾಂ. ಹಿಂದಿನ ಪೈಪ್ ಬಿಚ್ಚಿ ಒಳಗಿನ ಸಣ್ಣ ಜಾಲರಿಯನ್ನೂ ತೊಳೆಯಿರಿ, "ನೀರು ಬರ್ತಿಲ್ಲ" ಅನ್ನೋ ದೂರು ಹೆಚ್ಚಾಗಿ ಅಲ್ಲಿಂದಲೇ. ಡಿಶ್‌ವಾಶರ್ ಇದ್ದರೆ ಹೆಚ್ಚಿನವಕ್ಕೆ ಒಳಗೇ ಸಾಫ್ಟನರ್ ಇರುತ್ತೆ, ಗಡಸುತನದ ಮಟ್ಟ ನಿಮ್ಮ 550ಕ್ಕೆ ಹೊಂದಿಸಿ, ಅದರದ್ದೇ ಹರಳುಪ್ಪು ತುಂಬಿಸಿ. ಅಡುಗೆಯ ಪುಡಿ ಉಪ್ಪು ಬೇಡ.

ಶವರ್ ತಲೆಗೆ, ನಲ್ಲಿಯ ತುದಿಯ ಜಾಲರಿಗೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಕವರನ್ನು ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟೆ ಕಟ್ಟಿಡಿ. ಮಾರ್ಬಲ್, ಕಡಪ ಕಲ್ಲಿನ ಮೇಲೆ ನಿಂಬೆ, ವಿನೆಗರ್ ಬೀಳಬಾರದು, ಅವೇ ಸುಣ್ಣದ ಕಲ್ಲು, ಹೊಳಪು ಹೋಗಿ ಗುಳಿ ಬೀಳುತ್ತೆ. ಬಾಟಲಿಯಲ್ಲಿ ಬರುವ ಕಟು ಆಸಿಡ್ ನಲ್ಲಿಗೆ ಮುಟ್ಟಿಸಬೇಡಿ, ಕ್ರೋಮ್ ಕಪ್ಪಾಗುತ್ತೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಅಂತೂ ಖಂಡಿತ ಬೇಡ. ಕ್ಲೋರಿನ್ ಅನಿಲ ಎದ್ದು, ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರೇ ಕಟ್ಟಿಬಿಡುತ್ತೆ.

ನೀರಿನ_ಲೆಕ್ಕ
ಸುಮಾ ಅವರ ಹಟ ನ್ಯಾಯವಾದದ್ದೇ. 300 ಲೀಟರ್ ಲೆಕ್ಕದಲ್ಲಿ ಬಾತ್‌ರೂಮ್ ತಣ್ಣೀರೂ ಸೇರಿದೆ. ಫ್ಲಶ್, ತೋಟ, ಅಡುಗೆಮನೆಯ ತಣ್ಣೀರು ಮಾತ್ರ ಹೊರಗೆ.

ಆರ್‌ಒ_ಮೆಕ್ಯಾನಿಕ್
ಕುಡಿಯೋಕೆ ನಿಮ್ಮ 820ಕ್ಕೆ ಆರ್‌ಒ ಸರಿ. ಕಾವೇರಿ ಬಂದ ದಿನ ತೆಗೆದುಬಿಡಿ, ಆ ನೀರಿಗೆ ಯುವಿ (ರೋಗಾಣು ಕೊಲ್ಲುವ ದೀಪ) ಇದ್ದರೆ ಸಾಕು. ಮೆಂಬ್ರೇನ್ (ಲವಣ ತಡೆಯುವ ಒಳಗಿನ ಪೊರೆ) ಸರಿಯಿದೆಯಾ ನೋಡೋದು ಹೀಗೆ: ಟಿಡಿಎಸ್ ಹೊಂದಿಸುವ ತಿರುಪು ಪೂರ್ತಿ ಮುಚ್ಚಿ, ಹತ್ತು ನಿಮಿಷ ಓಡಿದ ಮೇಲೆ ಅಳೆಯಿರಿ. 80 ಆಸುಪಾಸು ಇರಬೇಕು. 150 ದಾಟಿದರೆ ಮೆಂಬ್ರೇನ್ ಬದಲಿಸುವ ಹೊತ್ತಾಗಿದೆ. ಮೆಂಬ್ರೇನ್ ಚೆನ್ನಾಗಿದ್ದೂ ನೀರು ನಿಧಾನ ಬಂದರೆ ಮೊದಲು ಹೊರಗಿನ ಬಿಳಿ ಫಿಲ್ಟರ್ ನೋಡಿ, ಬೋರ್ ನೀರಿಗೆ ಅದನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ತ್ಯಾಜ್ಯ ನೀರು ಹೊರಬರುತ್ತೆ ಅಂದುಕೊಂಡರೆ ಆ ನೀರಿನ ಟಿಡಿಎಸ್ 1,060 ಆಗುತ್ತೆ. ನೆಲ ಒರೆಸೋಕೆ, ಫ್ಲಶ್‌ಗೆ ಬಳಸಿ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಎಲೆಯ ತುದಿ ಸುಡುತ್ತೆ.

ಮಳೆಕೊಯ್ಲು_ಮೈಸೂರು
ಇಷ್ಟೆಲ್ಲ ಓದಿದೆ, ಮಳೆನೀರನ್ನು ಗೌಡ್ರಿಗೆ ಒಂದು ಸಾಲಿನಲ್ಲಿ ಹೇಳಿ ಬಿಟ್ಟಿರಿ. ಮಳೆನೀರಿನ ಗಡಸುತನ ಸೊನ್ನೆಗೆ ಹತ್ತಿರ. 1,200 ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ನಷ್ಟ ಕಳೆದು 900 ಲೀಟರ್ ಸಿಗುತ್ತದೆ. ಸಂಪಿನಲ್ಲಿ ಬೋರ್ ನೀರಿಗೆ ಸಮಪಾಲು ಬೆರೆತರೆ 550 ಇದ್ದದ್ದು 275. ಆ ತಿಂಗಳುಗಳಲ್ಲಿ ಸಾಫ್ಟನರ್ ಉಪ್ಪು ಅರ್ಧ ಸಾಕು. ಬೆಂಗಳೂರಿನಲ್ಲಿ 2009ರಿಂದ ಮಳೆಕೊಯ್ಲು ಕಡ್ಡಾಯ ಮಾಡಿದ್ದಾರೆ, ಆದರೆ ಪೈಪನ್ನು ಇಂಗುಗುಂಡಿಗೆ ಬಿಟ್ಟು ಕೈತೊಳೆದುಕೊಳ್ಳುವವರೇ ಜಾಸ್ತಿ. ಮೊದಲು ಸಂಪಿಗೆ, ಅದು ತುಂಬಿದ ಮೇಲೆ ಇಂಗುಗುಂಡಿಗೆ.

ಮೊದಲ ಮಳೆ ಹೊರಬಿಡಿ, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಅದರಲ್ಲಿರುತ್ತದೆ. ಆಮೇಲೆ ಜಲ್ಲಿ–ಮರಳಿನ ಅಥವಾ ಜಾಲರಿಯ ಫಿಲ್ಟರ್ ಮೂಲಕ ಸಂಪಿಗೆ. ಸಂಪಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. 6×6×6 ಅಡಿಯ ಸಂಪಾದರೆ 6,100 ಲೀಟರ್, ಅಂದರೆ 15 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಸಂಪು ತೊಳೆಯಲು ಯಾರನ್ನೂ ಒಂಟಿಯಾಗಿ ಇಳಿಸಬೇಡಿ, ಬ್ಲೀಚಿಂಗ್ ಹಾಕಿದ ಮೇಲಂತೂ ಒಳಗೆ ಇಳಿಯಲೇಬಾರದು.

ಹೊಸಮನೆ_ಹೆಸರಘಟ್ಟ
ಎಲ್ಲರಿಗೂ ತುಂಬಾ ಧನ್ಯವಾದ. 25 ಲೀಟರ್ ರೆಸಿನ್, ಮೋಟಾರ್ ಲೈನಿನಲ್ಲಿ, ಮೇಲೆ 500 ಲೀಟರಿನ ಎರಡನೇ ಟ್ಯಾಂಕ್ ಅಂತ ನಿರ್ಧರಿಸಿದ್ದೇವೆ. ನಮ್ಮದು ಗಾಜಿನ ಟ್ಯೂಬಿನ ಸೋಲಾರ್, ಅದೂ ಹೊಸ ಟ್ಯಾಂಕಿಗೆ ಸೇರುತ್ತೆ. ಫ್ಲೋರೈಡ್ ಮಾದರಿ ಸೋಮವಾರ ಕೊಡ್ತೀವಿ. ಕೊನೆಯ ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಸೆಟ್ಟಿಂಗ್ ಬದಲಿಸಬೇಕಾ?

ಪೈಪು_ಪಾನಾ
ಟ್ಯಾಂಕರ್ ನೀರೂ ಯಾವುದೋ ಬೋರಿನದ್ದೇ, ಪ್ರತಿ ಲೋಡಿಗೂ ಬೇರೆ. ಬಂದಾಗಲೆಲ್ಲ ಹನಿ ಕಿಟ್‌ನಲ್ಲಿ ಒಮ್ಮೆ ನೋಡಿ. 550ಕ್ಕಿಂತ ಹೆಚ್ಚಿದ್ದರೆ ಆ ತಿಂಗಳುಗಳಲ್ಲಿ ರೀಜನರೇಷನ್ ಆರರ ಬದಲು ನಾಲ್ಕು ದಿನಕ್ಕೆ ಇಡಿ. ಸಾಫ್ಟನರಿನ ತಲೆ (ಮೇಲಿನ ಕಂಟ್ರೋಲ್ ವಾಲ್ವ್) ಲೀಟರ್ ಲೆಕ್ಕದಲ್ಲಿ ನಡೆಯುವುದನ್ನೇ ಕೇಳಿ ತಗೊಳ್ಳಿ, ದಿನದ ಲೆಕ್ಕದ್ದು ನೀವು ಊರಿಗೆ ಹೋದಾಗಲೂ ಸುಮ್ಮನೆ ಉಪ್ಪು ತಿನ್ನುತ್ತೆ. ಟೈಮ್ ರಾತ್ರಿ ಎರಡಕ್ಕೆ ಇಟ್ಟುಬಿಟ್ಟು ಮರೀಬೇಡಿ, ನಿಮ್ಮದು ಮೋಟಾರ್ ಲೈನ್. ಮೋಟಾರ್ ಓಡ್ತಿದ್ದರೆ ಮಾತ್ರ ಬ್ಯಾಕ್‌ವಾಶ್ ಆಗುತ್ತೆ. ಬೆಳಿಗ್ಗೆ ಟ್ಯಾಂಕ್ ತುಂಬಿಸುವ ಹೊತ್ತಿಗೆ ಕೈಯಿಂದಲೇ ಶುರು ಮಾಡಿ, ಮುಗಿಯುವವರೆಗೆ ಮೋಟಾರ್ ಆಫ್ ಮಾಡಬೇಡಿ. ಡ್ರೈನ್ ಪೈಪನ್ನು ನೇರ ಚೇಂಬರಿಗೆ ಬಿಡಿ, ಇಂಗುಗುಂಡಿಗೆ ಬೇಡ.